ಮನೆಯ ನಾಯಿಗೆ ಮೈ ಸರಿಯಿಲ್ಲದಾಗ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರು ಉಂಟು. ಅಲ್ಲಿ ದೊರೆತ ಒಂದು ಶಿಲಾಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಈ ಶಾಸನ ಕನ್ನಡ ಪಾಠ ಹೇಳುವ ನನ್ನಂಥವರಿಗೆ ಬಲು ಅಚ್ಚುಮೆಚ್ಚಿನದು. ಗಂಗರ ಬೂತುಗನ ಕಾಲದಲ್ಲಿ ಮಣಲೆರ ಎಂಬ ವೀರನೊಬ್ಬನು ಯುದ್ಧದಲ್ಲಿ ಮೆರೆದ ಸಾಹಸಕ್ಕೆ ಮೆಚ್ಚಿ, ಏನು ಬೇಕೋ ಕೇಳಿಕೊ ಎಂದಾಗ ಆತನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ಕಾಡುಹಂದಿಯೊಡನೆ ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿಯ ಪೂಜಾರಿ ಉಣಕೂಡದೆಂದು ಕಟ್ಟುಪಾಡನ್ನೂ ಮಾಡಿದರು.

ನಮ್ಮ ನಿಮ್ಮ ಮನೆಯ ನಾಯಿಗಳು ಹಂದಿಯೊಡನೆ ಕಾದಾಡಿ ಸಾಯುವುದಿಲ್ಲ. ಅವುಗಳಲ್ಲಿ ಅನೇಕವು ವರಾಂಡದ ಮೂಲೆಯಲ್ಲಿ, ಹಾಸಿದ ಗೋಣಿಯ ಮೇಲೆ, ಯಾರಿಗೂ ತೊಂದರೆ ಕೊಡದೆ ಸಾಯುತ್ತವೆ. ಆಮೇಲೆ ವೈದ್ಯರನ್ನು ಕೇಳಿದರೆ, “ನಾಲ್ಕು ದಿನ ಮೊದಲೇ ಕರೆತರಬಾರದಾಗಿತ್ತೆ?” ಎನ್ನುತ್ತಾರೆ. ಆ ನಾಲ್ಕು ದಿನ ನಾಯಿ ನಮ್ಮ ಕಣ್ಣೆದುರಿಗೇ ಇತ್ತು. ತನಗೆ ಆಗದೆಂದು ಅದು ತನ್ನದೇ ರೀತಿಯಲ್ಲಿ ಹೇಳುತ್ತಲೂ ಇತ್ತು. ನಮಗೆ ಅದು ತಿಳಿಯಲಿಲ್ಲ, ಅಷ್ಟೆ. ನಾಯಿ ಆಡುವ ಆ ಮಾತು ಯಾವುದು, ಅದನ್ನು ತಿಳಿದಾಗ ನಾವು ಮಾಡತಕ್ಕದ್ದು ಏನು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಾಯಿ ನೋವನ್ನು ಬಚ್ಚಿಡುವ ಪ್ರಾಣಿ. ಕಾಲು ಮುರಿದರೆ ಕಿರುಚೀತು. ಆದರೆ ಜ್ವರ, ಹೊಟ್ಟೆನೋವು, ಮೂತ್ರಪಿಂಡದ ಕಾಯಿಲೆ ಮೊದಲಾದವುಗಳಿಗೆ ಅದು ಅಳುವುದಿಲ್ಲ, ಸುಮ್ಮನಾಗುತ್ತದೆ. ಆದಕಾರಣ ರೋಗದ ಮೊದಲ ಚಿಹ್ನೆಯನ್ನು ಮೈಮೇಲೆ ಹುಡುಕಿದರೆ ಸಾಲದು, ಅದರ ದಿನಚರಿಯಲ್ಲಿ ಹುಡುಕಬೇಕು. ಬೆಳಗ್ಗೆ ಹಾಲಿನವನ ಸದ್ದಿಗೆ ಏಳುತ್ತಿದ್ದ ನಾಯಿ ಏಳಲಿಲ್ಲವೆ? ತಟ್ಟೆ ಇಟ್ಟೊಡನೆ ನುಗ್ಗುತ್ತಿದ್ದುದು ಮೂಸಿ ಹಿಂದೆ ಸರಿಯಿತೆ? ದಿನವೂ ಮಂಚದ ಮೇಲೆ ಹಾರುತ್ತಿದ್ದುದು ಕೆಳಗೇ ನಿಂತು ನೋಡುತ್ತಿದೆಯೆ? ಇವೇ ಅದರ ಮಾತು. ವಾಡಿಕೆ ತಪ್ಪಿತೆಂದರೆ ಅದಕ್ಕೆ ಕಾರಣವಿದೆ ಎಂದೇ ತಿಳಿಯಬೇಕು.

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯಲ್ಲಿ ಕೆಂಚನೆಂಬ ನಾಯಿಯಿತ್ತು. ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ಗೇಟಿನ ಬಳಿ ಬಂದು ನಿಲ್ಲುವುದು ಅದರ ನೇಮ. ಒಂದು ಬೇಸಗೆಯಲ್ಲಿ ಅದು ಗೇಟಿಗೆ ಬರುವುದನ್ನು ನಿಲ್ಲಿಸಿತು. ಮಲಗಿದ್ದಲ್ಲಿಂದಲೇ ಬಾಲ ಆಡಿಸುತ್ತಿತ್ತು. ಅನ್ನವನ್ನು ಅರ್ಧ ತಿಂದು ಅರ್ಧ ಬಿಡುತ್ತಿತ್ತು. “ಸೆಕೆಗೆ ಹಾಗೆ, ನಮಗೇ ಊಟ ಸೇರುವುದಿಲ್ಲ” ಎಂದು ಮನೆಯಲ್ಲಿ ಎಲ್ಲರೂ ಅಂದೆವು. ಹತ್ತು ದಿನ ಹೀಗೆಯೇ ಕಳೆಯಿತು. ಹನ್ನೊಂದನೆಯ ದಿನ ಬೆಳಗ್ಗೆ ಅದರ ಮೂಗಿನಿಂದ ರಕ್ತ ಸುರಿಯಿತು. ಪಶುವೈದ್ಯರು ಅದರ ತುಟಿಯನ್ನು ಮೇಲಕ್ಕೆತ್ತಿ ವಸಡನ್ನು ತೋರಿಸಿದರು. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಉಣ್ಣಿಯಿಂದ ಬಂದ ಜ್ವರ. ಮೊದಲ ವಾರದಲ್ಲಿ ಬಂದಿದ್ದರೆ ಮಾತ್ರೆಯಲ್ಲಿ ಗುಣವಾಗಬಹುದಾಗಿತ್ತು ಎಂದರು. ಅವರು ಮಾಡಬೇಕಾದುದನ್ನೆಲ್ಲ ಮಾಡಿದರು, ಕೆಂಚ ಉಳಿಯಲಿಲ್ಲ. ತರಗತಿಯಲ್ಲಿ ದಿನವೂ ಹಾಜರಿ ಕೂಗಿ, ಹುಡುಗನೊಬ್ಬ ಎರಡು ದಿನ ಬರದಿದ್ದರೆ ಏಕೆಂದು ವಿಚಾರಿಸುವ ನಾನು, ಗೇಟಿನ ಬಳಿ ಹತ್ತು ದಿನದ ಗೈರುಹಾಜರಿಯನ್ನು ಕೇಳದೆ ಹೋದೆ.

ರೋಗವನ್ನು ಗುರುತಿಸಬೇಕಾದರೆ ಮೊದಲು ಆರೋಗ್ಯವನ್ನು ಬಲ್ಲವರಾಗಿರಬೇಕು. ನಾಯಿ ಚೆನ್ನಾಗಿರುವ ದಿನವೇ ಅದನ್ನು ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಐದು ನಿಮಿಷ ಸಾಕು. ಮೊದಲನೆಯದು ವಸಡು. ತುಟಿಯನ್ನು ಎತ್ತಿ ನೋಡಿದರೆ ಅದು ನಸುಗೆಂಪಾಗಿ ಒದ್ದೆಯಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಆ ಜಾಗ ಬಿಳುಪಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕೆಲವು ನಾಯಿಗಳಿಗೆ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬಹುದು. ಎರಡನೆಯದು ಉಸಿರು. ನಾಯಿ ನಿದ್ರಿಸುವಾಗ ಅದರ ಪಕ್ಕೆ ನಿಮಿಷಕ್ಕೆ ಎಷ್ಟು ಬಾರಿ ಏರಿಳಿಯುತ್ತದೆ ಎಂದು ಎಣಿಸಿ. ಸಾಧಾರಣವಾಗಿ 30ರೊಳಗೆ ಇರುತ್ತದೆ. ಮೂರನೆಯದು ಚರ್ಮ. ಹೆಗಲಿನ ಮೇಲಿನ ತೊಗಲನ್ನು ಮೆಲ್ಲಗೆ ಹಿಡಿದೆತ್ತಿ ಬಿಟ್ಟರೆ ತಟ್ಟನೆ ತನ್ನ ಸ್ಥಾನಕ್ಕೆ ಹೋಗಬೇಕು. ಮಡಿಕೆ ಹಾಗೆಯೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ನಾಲ್ಕನೆಯದು ಮೈಯ ಕಾವು. ಮೂಗು ಒಣಗಿದ್ದರೆ ಜ್ವರ, ತಣ್ಣಗಿದ್ದರೆ ಆರೋಗ್ಯ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದನ್ನು ನೆಚ್ಚುವಂತಿಲ್ಲ. ಒಳ್ಳೆಯ ಆರೋಗ್ಯದ ನಾಯಿಯ ಮೂಗೂ ನಿದ್ದೆಯಿಂದ ಎದ್ದಾಗ ಒಣಗಿರುತ್ತದೆ. ಮೈಮುಟ್ಟಿ ನೋಡುವುದೂ ಪ್ರಯೋಜನವಿಲ್ಲ. ನಮ್ಮ ಮೈಯ ಕಾವು ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್ ಆದರೆ, ನಾಯಿಯದು ಸಹಜವಾಗಿಯೇ 101ರಿಂದ 102.5. ಆದ್ದರಿಂದ ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಗುದದ್ವಾರದಲ್ಲಿ ಒಂದಂಗುಲದಷ್ಟು ಇಟ್ಟು ನೋಡುವುದೇ ಸರಿಯಾದ ಕ್ರಮ. ಇದಕ್ಕೆ ಬೇರೆಯೇ ಥರ್ಮಾಮೀಟರನ್ನು ಇಟ್ಟುಕೊಳ್ಳಿ. 103ಕ್ಕೆ ಮೀರಿದರೆ ಜ್ವರವೆನ್ನಿ. 104 ದಾಟಿದರೆ ತಡಮಾಡಬೇಡಿ. 99ಕ್ಕಿಂತ ಕೆಳಗಿಳಿದರೂ ಅಪಾಯವೇ.

ಐದನೆಯದು ತೂಕ ಮತ್ತು ಮೈಕಟ್ಟು. ಇಲ್ಲಿ ಒಂದು ಎಚ್ಚರ ಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ನೋಡಿದವರು ಅದು ಬಡಕಲೆಂದು ಮರುಗುವುದುಂಟು. ಓಟಕ್ಕೆ ಹೇಳಿಮಾಡಿಸಿದ ಆ ತಳಿಗೆ ಸಪೂರ ಮೈ, ಒಳಸರಿದ ಹೊಟ್ಟೆ ಸಹಜವಾದುವು. ಲ್ಯಾಬ್ರಡಾರ್ ನಾಯಿ ಅಷ್ಟು ಸೊರಗಿದರೆ ಅದು ರೋಗ. ಒಂದಕ್ಕೆ ಸಹಜವಾದುದು ಇನ್ನೊಂದಕ್ಕೆ ಸಹಜವಲ್ಲ. ಆದ್ದರಿಂದ ನಿಮ್ಮ ನಾಯಿಯನ್ನು ನೆರೆಮನೆಯ ನಾಯಿಯೊಡನೆ ಹೋಲಿಸಬೇಡಿ. ಅದರ ಹೋದ ತಿಂಗಳಿನೊಡನೆ ಹೋಲಿಸಿ.

ಇನ್ನು ಚಿಹ್ನೆಗಳ ಮಾತು. ಇವನ್ನು ಮೂರು ವರ್ಗಗಳಾಗಿ ವಿಂಗಡಿಸಿಕೊಂಡರೆ ಗಾಬರಿಯೂ ಇಲ್ಲ, ಉಪೇಕ್ಷೆಯೂ ಇಲ್ಲ.

ಮೊದಲ ವರ್ಗ, ಒಂದು ದಿನ ಕಾದು ನೋಡಬಹುದಾದುವು. ಬೆಳೆದ ನಾಯಿ ಒಮ್ಮೆ ವಾಂತಿ ಮಾಡಿ ಮತ್ತೆ ಎಂದಿನಂತೆ ಓಡಾಡುವುದು, ಒಂದೆರಡು ಸಲ ಸಡಿಲವಾದ ಭೇದಿ, ಒಂದು ಹೊತ್ತಿನ ಊಟ ಬಿಡುವುದು, ಹುಲ್ಲು ಮೇಯುವುದು. ಕುಡಿಯುವ ನೀರನ್ನು ಹತ್ತಿರದಲ್ಲಿಡಿ. ಉಪ್ಪು, ಎಣ್ಣೆ, ಮಸಾಲೆ ಇಲ್ಲದ ಮೆತ್ತನೆಯ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಆದರೆ ಈ ರಿಯಾಯಿತಿ ಮರಿಗಳಿಗೂ ಮುದಿ ನಾಯಿಗಳಿಗೂ ಇಲ್ಲ ಎಂಬುದನ್ನು ಮರೆಯಬಾರದು.

ಎರಡನೆಯ ವರ್ಗ, ಅದೇ ದಿನವೋ ಮರುದಿನ ಬೆಳಗ್ಗೆಯೋ ವೈದ್ಯರಿಗೆ ತೋರಿಸತಕ್ಕವು. ಇಡೀ ದಿನ ಊಟ ಮುಟ್ಟದಿರುವುದು, ಮತ್ತೆ ಮತ್ತೆ ವಾಂತಿ, ಒಂದು ದಿನಕ್ಕೆ ಮೀರಿದ ಭೇದಿ, ಜ್ವರ, ಬಿಡದ ಕೆಮ್ಮು, ಕುಂಟುವಿಕೆ, ಕಣ್ಣು ಮೂಗುಗಳಿಂದ ಕೀವಿನಂಥ ಸೋರಿಕೆ, ಎಂದಿಗಿಂತ ಹೆಚ್ಚಾಗಿ ನೀರು ಕುಡಿದು ಹೆಚ್ಚಾಗಿ ಮೂತ್ರ ಮಾಡುವುದು, ಕಾರಣವಿಲ್ಲದೆ ಸೊರಗುವುದು ಇವೆಲ್ಲ ಇದಕ್ಕೆ ಸೇರಿದುವು.

ಮೂರನೆಯ ವರ್ಗ, ಹೊತ್ತುಗೊತ್ತು ನೋಡದೆ ಹೊರಡಬೇಕಾದುವು. ವಸಡು ಬಿಳಿಚಿಕೊಂಡಿರುವುದು, ನೀಲಿಯಾಗುವುದು ಅಥವಾ ಹಳದಿಯಾಗುವುದು, ಕುತ್ತಿಗೆ ಚಾಚಿ ಬಾಯಿ ತೆರೆದು ಕಷ್ಟದಿಂದ ಉಸಿರಾಡುವುದು, ಕುಸಿದು ಬೀಳುವುದು, ರಕ್ತವಾಂತಿ, ರಕ್ತಭೇದಿ, ಸೆಳವು ಐದು ನಿಮಿಷಕ್ಕೆ ಮೀರುವುದು ಅಥವಾ ಒಂದಾದ ಮೇಲೊಂದು ಬರುವುದು, ಹಾವು ಕಡಿದಿರುವುದು, ವಿಷ ತಿಂದಿರುವುದು. ಗಂಡುನಾಯಿ ಕಾಲೆತ್ತಿ ಕಾಲೆತ್ತಿ ತಿಣುಕಿದರೂ ಮೂತ್ರ ಬರದಿದ್ದರೆ ದಾರಿ ಕಟ್ಟಿದೆ ಎಂದರ್ಥ. ಇದು ಮಲಬದ್ಧತೆಯೆಂದು ಭ್ರಮಿಸಿ ಒಂದು ರಾತ್ರಿ ಕಳೆದರೆ ಪ್ರಾಣಕ್ಕೆ ಸಂಚಕಾರ. ಎದೆ ಆಳವಾಗಿರುವ ದೊಡ್ಡ ತಳಿಯ ನಾಯಿಗಳು ಹೊಟ್ಟೆ ಉಬ್ಬಿ, ವಾಂತಿಗೆ ಹವಣಿಸಿದರೂ ಏನೂ ಬರದೆ, ಜೊಲ್ಲು ಸುರಿಸುತ್ತ ತಳಮಳಿಸಿದರೆ ಜಠರವೇ ತಿರುಚಿಕೊಂಡಿರಬಹುದು. ಅಲ್ಲಿ ಉಳಿದಿರುವುದು ಕೆಲವೇ ಗಂಟೆಗಳು, ಶಸ್ತ್ರಚಿಕಿತ್ಸೆಯೊಂದೇ ದಾರಿ.

ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ ಕೆಲವು ರೋಗಗಳನ್ನು ಹೇಳಬೇಕು. ಮರಿಗಳನ್ನು ಕೊಲ್ಲುವುದರಲ್ಲಿ ಮುಂದಿರುವುದು ಪಾರ್ವೋ. 1978ರ ಸುಮಾರಿಗೆ ಗುರುತಿಸಲ್ಪಟ್ಟ ಈ ವೈರಸ್ ಕೆಲವೇ ತಿಂಗಳುಗಳಲ್ಲಿ ಖಂಡಖಂಡಗಳಿಗೆ ಹರಡಿತು. ಮರಿ ಮೊದಲು ಮಂಕಾಗುತ್ತದೆ, ಆಮೇಲೆ ವಾಂತಿ, ಆಮೇಲೆ ದುರ್ವಾಸನೆಯ ರಕ್ತಭೇದಿ. ಎರಡು ಮೂರು ದಿನಗಳಲ್ಲಿ ನೀರಿನಂಶ ಬತ್ತಿ ಸಾಯಬಹುದು. ಡ್ರಿಪ್ ಏರಿಸಿ ಚಿಕಿತ್ಸೆ ಮಾಡಿದರೆ ಬದುಕುವ ಮರಿಗಳು ಬಹಳ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುವುದರಿಂದ, ಒಂದು ಮರಿ ಸತ್ತ ಅಂಗಳಕ್ಕೆ ಕೂಡಲೇ ಇನ್ನೊಂದನ್ನು ತರಬಾರದು. ಡಿಸ್ಟೆಂಪರ್ ಇನ್ನೊಂದು. ಕಣ್ಣು ಮೂಗು ಸೋರಿ, ಕೆಮ್ಮು ಜ್ವರ ಬಂದು, ಕಡೆಗೆ ದವಡೆ ಕಾಲುಗಳು ಅದುರಿ ಸೆಳವು ಬರುತ್ತದೆ. ಈ ಎರಡಕ್ಕೂ ಲಸಿಕೆ ಉಂಟು. ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ಒಂದು ಚುಚ್ಚುಮದ್ದು ಹಾಕಿಸಿ ಮುಗಿಯಿತೆಂದುಕೊಳ್ಳುವುದೇ ಅನೇಕ ಮರಿಗಳಿಗೆ ಮೃತ್ಯುವಾಗಿದೆ.

ಉಣ್ಣಿಯ ಜ್ವರದ ಮಾತನ್ನು ಆಗಲೇ ಹೇಳಿದೆ. ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿ ನಾಯಿಗಳಲ್ಲಿ ಮೊದಲು ಕಂಡುಬಂದುದು 1935ರಲ್ಲಿ, ಆಲ್ಜೀರಿಯದಲ್ಲಿ. ಕಂದುಬಣ್ಣದ ನಾಯಿಉಣ್ಣಿ ರಕ್ತ ಹೀರುವಾಗ ಇದನ್ನು ಒಳಗೆ ಬಿಡುತ್ತದೆ. ಬೆಬೀಸಿಯಾ ಎಂಬ ಇನ್ನೊಂದು ಜೀವಿಯೂ ಉಣ್ಣಿಯಿಂದಲೇ ಬರುವುದು. ಜ್ವರ, ಆಲಸ್ಯ, ಊಟದಲ್ಲಿ ಅರುಚಿ, ಬಿಳಿಚಿದ ವಸಡು, ಮೈಮೇಲೆ ರಕ್ತದ ಚುಕ್ಕೆ, ಮೂಗಿನಿಂದ ರಕ್ತ ಇವು ಚಿಹ್ನೆಗಳು. ಕಾಫಿಯ ಬಣ್ಣದ ಮೂತ್ರ ಬೆಬೀಸಿಯಾದ ಗುರುತಾಗಿರಬಹುದು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ಹಿಡಿದರೆ ಗುಣವಾಗುತ್ತದೆ. ಕಿವಿಯ ಒಳಗೆ, ಬೆರಳಸಂದಿನಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಉಣ್ಣಿಯನ್ನು ಹುಡುಕಿ. ಚಿಮಟದಿಂದ ಚರ್ಮದ ಮಟ್ಟದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಬಳಿಯಬೇಡಿ, ಚರ್ಮ ಸುಡುತ್ತದೆ, ನಾಯಿ ನೆಕ್ಕಿದರೆ ವಿಷವೂ ಆಗುತ್ತದೆ.

ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಜ್ವರ, ವಾಂತಿಯೊಡನೆ ಕಣ್ಣು ವಸಡುಗಳು ಹಳದಿಯಾದರೆ ಇದನ್ನು ಶಂಕಿಸಬೇಕು. ನಾಯಿಯ ಮೂತ್ರದಿಂದ ಇದು ಮನುಷ್ಯರಿಗೂ ತಗಲುತ್ತದೆ, ಬರಿಗೈಯಲ್ಲಿ ತೊಳೆಯಬೇಡಿ. ಬೇಸಗೆಯಲ್ಲಿ, ಅದರಲ್ಲೂ ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ, ಬಿಸಿಲಾಘಾತ ಬೇಗ ಆಗುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಕಾವನ್ನು ಇಳಿಸಿಕೊಳ್ಳಬೇಕು. ವಸಡು ಕಡುಗೆಂಪಾಗಿ ತೂರಾಡಿದರೆ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಲೇ ವೈದ್ಯರಲ್ಲಿಗೆ ಒಯ್ಯಿರಿ. ಐಸ್ ಗಡ್ಡೆ ಒತ್ತಬಾರದು. ಇನ್ನು ಸಂತಾನಹರಣ ಮಾಡಿಸದ ವಯಸ್ಸಾದ ಹೆಣ್ಣುನಾಯಿ. ಬೆದೆ ಮುಗಿದು ಕೆಲವು ವಾರಗಳಲ್ಲಿ ಅದು ಬಹಳ ನೀರು ಕುಡಿಯುತ್ತ, ಮಂಕಾಗಿ, ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣಲೇಬೇಕೆಂದಿಲ್ಲ. ಒಳಗೇ ಕಟ್ಟಿಕೊಂಡರೆ ಅಪಾಯ ಇನ್ನೂ ಹೆಚ್ಚು.

ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು ನಮ್ಮ ಮಾತ್ರೆಯನ್ನು ನಾಯಿಗೆ ಕೊಡುವುದು. ಪ್ಯಾರಾಸಿಟಮಾಲ್ ಅದರ ಯಕೃತ್ತನ್ನು ಕೆಡಿಸಬಲ್ಲದು. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣನ್ನೂ ಮೂತ್ರಪಿಂಡಕ್ಕೆ ಘಾತವನ್ನೂ ಮಾಡುತ್ತದೆ. ಅಡಿಗೆಮನೆಯಲ್ಲಿಯೂ ಅದಕ್ಕೆ ಆಗದ ಪದಾರ್ಥಗಳಿವೆ. ಈರುಳ್ಳಿ ಬೆಳ್ಳುಳ್ಳಿಗಳು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡ ಸೋಲಬಹುದು. ಚಾಕೊಲೇಟು ಹೃದಯಕ್ಕೂ ನರಗಳಿಗೂ ವಿಷ. ಸಕ್ಕರೆಯಿಲ್ಲದ ಚೂಯಿಂಗ್‌ಗಮ್ಮಿನಲ್ಲಿರುವ ಜೈಲಿಟಾಲ್ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ. ಇಲಿಪಾಷಾಣ ತಿಂದ ನಾಯಿ ಅಂದು ಚೆನ್ನಾಗಿಯೇ ಕಾಣಬಹುದು. ಕೆಲವು ಬಗೆಯ ಪಾಷಾಣಗಳಲ್ಲಿ ರಕ್ತಸ್ರಾವ ತೊಡಗುವುದು ದಿನಗಳು ಕಳೆದ ಮೇಲೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತಿಂದ ಪದಾರ್ಥದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿ ಓಡಿ. ಸೆಳವು ಬಂದ ನಾಯಿಗೆ ಕಬ್ಬಿಣ ಹಿಡಿಸುವುದು, ಬರೆ ಹಾಕುವುದು, ಬಾಯಿಗೆ ನೀರು ಹೊಯ್ಯುವುದು ಇವೆಲ್ಲ ಹಿಂಸೆಯಲ್ಲದೆ ಮದ್ದಲ್ಲ. ಸುತ್ತಲಿನ ಸಾಮಾನು ಸರಿಸಿ, ದೀಪ ತಗ್ಗಿಸಿ, ಗಡಿಯಾರ ನೋಡಿ.

ಕಡೆಯದಾಗಿ, ಎಲ್ಲಕ್ಕಿಂತ ಗಂಭೀರವಾದ ರೇಬೀಸ್. ಇಲ್ಲಿ ನಾಯಿಯ ಪ್ರಾಣದೊಡನೆ ಮನೆಯವರ ಪ್ರಾಣವೂ ಸೇರಿದೆ. ಹುಚ್ಚುನಾಯಿ ಎಂದರೆ ಬಾಯಲ್ಲಿ ನೊರೆಗರೆಯುತ್ತ ಬೀದಿಯಲ್ಲಿ ಕಚ್ಚುತ್ತ ಓಡುವುದೆಂದೇ ನಮ್ಮ ಎಣಿಕೆ. ಅದು ಒಂದು ರೂಪ ಮಾತ್ರ. ಇನ್ನೊಂದು ರೂಪದಲ್ಲಿ ನಾಯಿ ಮೂಲೆ ಹಿಡಿದು ಮಲಗುತ್ತದೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಬದಲಾಗುತ್ತದೆ, ನುಂಗಲಾರದು. ನೋಡಿದವರು ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುತ್ತಾರೆ. ಹಾಗೆ ಎಂದಿಗೂ ಮಾಡಕೂಡದು. ನೀರು ಕುಡಿಯಲು ಬರುತ್ತಿದೆ, ಆದ್ದರಿಂದ ರೇಬೀಸ್ ಅಲ್ಲ ಎಂಬುದೂ ತಪ್ಪು. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ಅಂಥ ನಾಯಿಯನ್ನು ಕೋಣೆಯಲ್ಲಿ ಕೂಡಿ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರಿಗೆ ತಿಳಿಸಿ. ಕಚ್ಚಿದ್ದರೆ, ಪರಚಿದ್ದರೆ, ಗಾಯಕ್ಕೆ ಜೊಲ್ಲು ತಾಕಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಅರಿಸಿನ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ತೊಡಗಿಸಿ. ಗಾಯ ಆಳವಾಗಿದ್ದರೆ ಅದರೊಡನೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು.

1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪ್ಯಾಸ್ಚರ್ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಈ ಲಸಿಕೆಯನ್ನು ಮೊದಲು ಕೊಡಿಸಿದನು, ಬಾಲಕ ಬದುಕಿದನು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡ ಹಿರಿಯರ ಕಥೆ ಕೇಳಿ ಇಂದಿಗೂ ಹೆದರುವವರಿದ್ದಾರೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗ ಕೆಲವೇ ಬಾರಿ, ತೋಳಿಗೆ ಕೊಡುತ್ತಾರೆ. ರೋಗ ತೋರಿದ ಮೇಲೆ ಮದ್ದಿಲ್ಲ ಎನ್ನಬೇಕು. ತೋರುವ ಮುನ್ನ ರಕ್ಷಣೆ ಪೂರ್ಣವಾಗಿದೆ. ನಾಯಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು ಹಾಕಿಸಿ, ವರ್ಷ ತುಂಬಿದಾಗ ಮತ್ತೊಂದು, ಆಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹಾಕಿಸುತ್ತಿದ್ದರೆ ಈ ಭಯ ಮನೆಯ ಹೊಸಿಲು ದಾಟದು.

ವೈದ್ಯರ ಬಳಿಗೆ ಹೋಗುವಾಗ ಒಂದು ಚೀಟಿ ಜೊತೆಗಿರಲಿ: ಎಂದಿನಿಂದ ಊಟ ಬಿಟ್ಟಿದೆ, ಎಷ್ಟು ಸಲ ವಾಂತಿ, ಕಾವು ಎಷ್ಟು, ಯಾವ ಲಸಿಕೆ ಎಂದು ಆಗಿದೆ. ವಾಂತಿ, ಭೇದಿ, ಸೆಳವುಗಳನ್ನು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದುಕೊಂಡರೆ ಅರ್ಧ ವಿವರಣೆ ಉಳಿಯುತ್ತದೆ. ನೊಂದ ನಾಯಿ ಒಡೆಯನನ್ನೂ ಕಚ್ಚೀತು. ಮೃದುವಾದ ಬಟ್ಟೆಪಟ್ಟಿಯಿಂದ ಮೂತಿ ಕಟ್ಟಿ. ಆದರೆ ವಾಂತಿ ಮಾಡುತ್ತಿರುವ, ಉಸಿರಿಗೆ ಕಷ್ಟಪಡುತ್ತಿರುವ ನಾಯಿಗೆ ಕಟ್ಟಕೂಡದು. ಊರಿನ ಸರ್ಕಾರಿ ಪಶು ಆಸ್ಪತ್ರೆಯನ್ನು ಜನ ದನದ ಆಸ್ಪತ್ರೆ ಎಂದು ಕರೆಯುವುದರಿಂದ, ಅಲ್ಲಿ ನಾಯಿಯನ್ನು ನೋಡುವುದಿಲ್ಲವೆಂಬ ಭಾವನೆ ಅನೇಕರಿಗಿದೆ; ಅಲ್ಲಿ ನಾಯಿಗೂ ಚಿಕಿತ್ಸೆ ಉಂಟು. ರಾತ್ರಿಯಲ್ಲಿ ಸಿಗುವ ವೈದ್ಯರು ಯಾರು, ಅವರ ಫೋನ್ ಸಂಖ್ಯೆ ಏನು ಎಂಬುದನ್ನು ಇಂದೇ ವಿಚಾರಿಸಿ ಗೋಡೆಗೆ ಅಂಟಿಸಿ. ಹುಡುಕುವ ಹೊತ್ತು ನಡುರಾತ್ರಿಯಲ್ಲ.

ಆತಕೂರಿನ ಕಲ್ಲಿಗೆ ಪೂಜೆ ಸಲ್ಲದೆ ಪೂಜಾರಿ ಉಣಬಾರದೆಂದು ಹಿಂದಿನವರು ನೇಮ ಮಾಡಿದರು. ಅದು ಸತ್ತ ನಾಯಿಗೆ ಸಂದ ಗೌರವ. ನಮ್ಮ ನಾಯಿಗಳಿಗೆ ಕಲ್ಲು ಬೇಡ, ಪೂಜೆಯೂ ಬೇಡ. ರಾತ್ರಿ ಎಲೆಯ ಮುಂದೆ ಕೂರುವ ಮುನ್ನ ಹಿತ್ತಿಲ ಬಾಗಿಲಿಗೆ ಹೋಗಿ, ಅದರ ತಟ್ಟೆ ಖಾಲಿಯಾಗಿದೆಯೆ ಎಂದು ಒಮ್ಮೆ ನೋಡಿ ಬನ್ನಿ. ಅನ್ನ ಹಾಗೆಯೇ ಉಳಿದಿದ್ದರೆ, ಸೆಕೆಯ ಮೇಲೆ ತಪ್ಪು ಹೊರಿಸದೆ, ಅದರ ತುಟಿಯನ್ನೆತ್ತಿ ವಸಡನ್ನು ನೋಡಿ.